ಹದಿನಾಲ್ಕನೇ ಸಾಲಿನ ಅಧಿಕಾರ

ಕೌಸಲ್ಯಾ ಅವರಿಗೆ ಅನುಮಾನ ಹುಟ್ಟುಗುಣ. ಹಾಲಿನ ಪ್ಯಾಕೆಟ್ಟನ್ನು ಮೂಸಿ ನೋಡದೆ ಒಡೆದವರಲ್ಲ, ಬೀಗ ಹಾಕಿ ಮೂರು ಸಲ ಜಗ್ಗದೆ ಮೆಟ್ಟಿಲಿಳಿದವರಲ್ಲ. ಮದುವೆಗೆ ಮೊದಲು, ಗಂಡನಾಗಲಿದ್ದ ಕಿಟ್ಟು ಅವರ ಜಾತಕವನ್ನು ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರಿಗೆ, ಹೀಗೆ ಮೂವರು ಜೋಯಿಸರಿಗೆ ತೋರಿಸಲೇಬೇಕೆಂದು ತಂದೆಯ ಹತ್ತಿರ ಹಟ ಹಿಡಿದಿದ್ದರಂತೆ. ಮೂವರೂ ಒಂದೇ ಮಾತು ಹೇಳಿದಾಗ, ಮೂವರೂ ಒಳಗೊಳಗೇ ಸೇರಿಕೊಂಡಿದ್ದಾರೆ ಎಂದರಂತೆ. ಇಂಥವರಿಗೆ, ನಿವೃತ್ತಿಗೆ ಒಂದೂವರೆ ವರ್ಷವಿದೆ ಎನ್ನುವಾಗ, ಕೇಳದೆಯೇ ಒಂದು ಅಧಿಕಾರ ಕೊಟ್ಟರೆ ಏನಾಗಬೇಕು?

ಅವರ ಆಫೀಸು ಎಗ್ಮೋರಿನಲ್ಲಿ, ಮ್ಯೂಸಿಯಮ್ಮಿಗೆ ಹತ್ತಿರದ ಒಂದು ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಚೆನ್ನೈಯ ದಕ್ಷಿಣದ ಅಂಚಿನ ಒಂದು ನಗರಸಭೆ ತನ್ನ ಊರಿಗೆ ನೀರು ಹಂಚಲು ತಾನೇ ಕಟ್ಟಿಕೊಂಡಿದ್ದ ಕಂಪನಿ ಅದು. ಷೇರೆಲ್ಲ ನಗರಸಭೆಯದು, ಲಾರಿ ಗುತ್ತಿಗೆದಾರನದು, ಗೋಳು ಊರಿನದು. ಅಲ್ಲಿ ಕೌಸಲ್ಯಾ ಸೂಪರಿಂಟೆಂಡೆಂಟ್. ಅಂದರೆ ಕಡತ ಬರುತ್ತದೆ, ಅದರ ಮೇಲೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ದುಂಡಗೆ ಬರೆದು ಮೇಲೆ ಕಳಿಸುತ್ತಾರೆ, ಅಷ್ಟೆ. ಮೂವತ್ತೊಂದು ವರ್ಷ ಆ ಒಂದೇ ಸಾಲು ಅವರನ್ನು ಕಾಪಾಡಿತ್ತು. ಆಡಿಟ್ಟು, ವಿಚಾರಣೆ, ಮೆಮೊ ಎಲ್ಲ ಅಕ್ಕಪಕ್ಕದ ಮೇಜುಗಳಿಗೆ ಬಂದು ಹೋಗಿದ್ದವೇ ಹೊರತು ಇವರ ಮೇಜಿಗೆ ಬಂದಿರಲಿಲ್ಲ.

ಮಾರ್ಚ್ ಮೊದಲ ವಾರದಲ್ಲಿ ಹೊಸ ಪಟ್ಟಿಯೊಂದು ಹೊರಬಿತ್ತು. ಕಂಪನಿಯಲ್ಲಿ ಯಾವ ನಿರ್ಧಾರ ಯಾರದು ಎಂದು ತಿಳಿಸುವ ಎರಡು ಪುಟದ ಪಟ್ಟಿ. ಮೊದಲ ಸಾಲುಗಳಲ್ಲಿ ನಗರಸಭೆ, ಆಮೇಲೆ ನಿರ್ದೇಶಕರು, ಆಮೇಲೆ ಜನರಲ್ ಮ್ಯಾನೇಜರ್ ಕಮಲಾಕರ. ಹದಿನಾಲ್ಕನೇ ಸಾಲಿನಲ್ಲಿ ಹೀಗಿತ್ತು: ‘ದಿನನಿತ್ಯ ನೀರಿನ ಲಾರಿಗಳು ಯಾವ ಬೀದಿಗೆ ಹೋಗತಕ್ಕದ್ದು ಎಂಬ ನಿರ್ಧಾರ: ಸೂಪರಿಂಟೆಂಡೆಂಟ್ ಶ್ರೀಮತಿ ಕೌಸಲ್ಯಾ. ಇವರ ಲಿಖಿತ ನಿರ್ಧಾರವೇ ಅಂತಿಮ.’

ಓದಿದ ಕೂಡಲೇ ಅವರಿಗೆ ಅನುಮಾನ ಹತ್ತಿತು. ಬೇಸಿಗೆ ಕಾಲಿಡುತ್ತಿದೆ, ಹನ್ನೆರಡು ಲಾರಿಗೆ ಮೂವತ್ತು ಬೀದಿ ಬಾಯಿ ತೆರೆದು ನಿಂತಿವೆ. ಯಾವ ಬೀದಿಗೆ ಕಳಿಸಿದರೂ ಇನ್ನೊಂದು ಬೀದಿ ಬಂದು ಮೇಜಿನ ಮುಂದೆ ಕೂರುತ್ತದೆ. ಯಾರೋ ಬೇಕೆಂದೇ ತನ್ನ ತಲೆಗೆ ಕಟ್ಟಿದ್ದಾರೆ. ನಾಳೆ ಗಲಾಟೆಯಾದರೆ ತೋರಿಸಲು ಒಂದು ಹೆಸರು ಬೇಕು, ಅದಕ್ಕೆ ತಾನು. ಪಿಂಚಣಿಯ ಹೊತ್ತಿಗೆ ತನ್ನ ಮೇಲೊಂದು ವಿಚಾರಣೆ! ಆವತ್ತೇ ಅವರು ತೀರ್ಮಾನಿಸಿಬಿಟ್ಟರು, ಒಂದಕ್ಷರವನ್ನೂ ಬರೆಯುವುದಿಲ್ಲ ಎಂದು.

ಮಾರನೆಯ ದಿನದಿಂದ ಗುತ್ತಿಗೆದಾರನ ಕಡೆಯ ಸುರೇಶ ಬರತೊಡಗಿದ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದು, ಬೀದಿಗಳ ಹೆಸರಿನ ಮುಂದೆ ಖಾಲಿ ಚೌಕಗಳಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟು, ಎದುರಿನ ಸ್ಟೂಲಿನಲ್ಲಿ ಕೂರುತ್ತಿದ್ದ.

“ಮೆದುವಾ ಪಾರುಂಗ ಮೇಡಂ, ಅವಸರಮೇ ಇಲ್ಲೈ,” ಎನ್ನುತ್ತಿದ್ದ. ನಿಧಾನವಾಗಿ ನೋಡಿ, ಅವಸರವೇನೂ ಇಲ್ಲ.

ಸಹಿಗೆ ಅವಸರವಿಲ್ಲದ ಗುತ್ತಿಗೆದಾರನ ಮನುಷ್ಯನನ್ನು ಕೌಸಲ್ಯಾ ಜನ್ಮದಲ್ಲಿ ನೋಡಿರಲಿಲ್ಲ. ಅವನು ತರಿಸಿಕೊಟ್ಟ ಕಾಫಿಯನ್ನು ಅವರು ಮುಟ್ಟಲಿಲ್ಲ. ಹಾಳೆಯ ಮೇಲೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ಕಮಲಾಕರರ ಟ್ರೇಗೆ ಹಾಕಿದರು. ಹನ್ನೊಂದು ಹೊಡೆಯುತ್ತಿದ್ದಂತೆ ಸುರೇಶ ಎದ್ದು ಕೈಮುಗಿದು ನಗುನಗುತ್ತ ಹೋದ. ಸಂಜೆ ಕಮಲಾಕರರ ಕೋಣೆಯಿಂದ ಹಾಳೆ ವಾಪಸು ಬಂತು. ‘ಪಟ್ಟಿಯ ಪ್ರಕಾರ ಕ್ರಮ ಕೈಗೊಳ್ಳಿ’ ಎಂದಷ್ಟೇ ಅದರ ಮೇಲಿತ್ತು. ಮರುದಿನವೂ ಹಾಗೆಯೇ. ಮಾರ್ಚ್ ಕಳೆಯಿತು, ಏಪ್ರಿಲ್ ಬಂತು. ಹಾಳೆಗಳು ಅವರ ಬೀರುವಿನಲ್ಲಿ ರಾಶಿಬಿದ್ದವು. ಪ್ರತಿದಿನ ಹನ್ನೊಂದಕ್ಕೆ ಸುರೇಶನ ಬೆನ್ನು ನೋಡುವಾಗ, ಇವತ್ತೂ ಬೋನಿಗೆ ಬೀಳಲಿಲ್ಲವಲ್ಲ ಎಂದು ಕೌಸಲ್ಯಾ ಒಳಗೇ ಹಿಗ್ಗುತ್ತಿದ್ದರು.

ಅವರ ಹಿಗ್ಗನ್ನು ಕೆಡಿಸುತ್ತಿದ್ದವಳು ರತ್ನಾವತಿ ಒಬ್ಬಳೇ. ಏರಿಕರೆ ಬೀದಿಯವಳು, ಸ್ಕೂಲಿನಲ್ಲಿ ಮಧ್ಯಾಹ್ನದ ಅಡುಗೆ ಮಾಡುವವಳು. ಹೊಸೂರಿನ ಕಡೆಯ ಕನ್ನಡ ಮಾತಿನವಳಾದ್ದರಿಂದ, ಈ ಆಫೀಸಿನಲ್ಲಿ ಕನ್ನಡದ ಅಮ್ಮ ಒಬ್ಬರಿದ್ದಾರೆಂದು ಗೊತ್ತಾದ ಮೇಲೆ ಸೋಮವಾರ ಸೋಮವಾರ ಬಂದು ಹಾಜರಾಗುತ್ತಿದ್ದಳು. ಕೈಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಚೀಟಿಗಳು. ಲಾರಿ ಬಾರದ ದಿನದ ಚೀಟಿಯನ್ನು ಅವಳು ಎಸೆಯುತ್ತಿರಲಿಲ್ಲ, ರಬ್ಬರ್ ಬ್ಯಾಂಡು ಹಾಕಿ ಇಟ್ಟುಕೊಳ್ಳುತ್ತಿದ್ದಳು.

“ನಮ್ ಬೀದೀಗ್ ತಣ್ಣಿ ಲಾರಿ ಬಂದು ಹದಿನೆಂಟ್ ದಿನ ಆಯ್ತಮ್ಮಾ. ಆ ಹತ್ತು ಮಾಳಿಗೆ ಫ್ಲಾಟ್ ಇದಾವಲ್ಲ, ಅಲ್ಲೀಗ್ ಮಾತ್ರ ದಿನಾ ಎರಡ್ ಎರಡ್ ಹೋಗ್ತದೆ. ನಾನೇ ಎಣಿಸಿದೀನಿ.”

“ಮೇಲೆ ಬರ್ದಿದೀನಮ್ಮ, ಆರ್ಡರ್ ಬರ್ಲಿ,” ಎನ್ನುತ್ತಿದ್ದರು ಕೌಸಲ್ಯಾ. ಅದು ಸುಳ್ಳಾಗಿರಲಿಲ್ಲ. ಆದರೂ ಅವಳ ಬಗೆಗೂ ಅವರಿಗೆ ಸಣ್ಣದೊಂದು ಅನುಮಾನವಿತ್ತು. ಹೆಸರಿರುವುದು ನನ್ನದೆಂದು ಇವಳಿಗೆ ಯಾರು ಹೇಳಿದರು? ಇವಳನ್ನು ಯಾರಾದರೂ ಕಳಿಸುತ್ತಿದ್ದಾರೆಯೇ? ಅವಳು ಹೋದ ಮೇಲೆ ಆ ಒಣಗಿದ ತುಟಿ ನೆನಪಾಗಿ ಮನಸ್ಸಿಗೆ ಹಿಂಸೆಯಾಗುತ್ತಿತ್ತು, ನಿಜ. ಹಿಂಸೆಯಾದಷ್ಟೂ ಅವರು ಕಡತವನ್ನು ಇನ್ನಷ್ಟು ಬಿಗಿಯಾಗಿ ಕಟ್ಟುತ್ತಿದ್ದರು.

ಏಪ್ರಿಲ್ ಮೂರನೇ ವಾರ ತಡೆಯಲಾರದೆ ಕಮಲಾಕರರ ಕೋಣೆಗೆ ಹೋದರು. ಕಮಲಾಕರ ಉಡುಪಿಯ ಕಡೆಯವರು, ಬೆಲ್ಲದಂಥ ಮಾತಿನವರು.

“ಸಾರ್, ಹದಿನಾಲ್ಕನೇ ಸಾಲಿಂದ ನನ್ ಹೆಸರು ತೆಗೆದ್ಬಿಡಿ. ನನಗ್ಯಾಕೆ ಈ ಪೊಲ್ಲಾಪ್ಪು, ಈ ತಂಟೆ?”

“ಎಂತ ಮಾರಾಯ್ರೆ, ನಿಮ್ಮ ಹೆಸರು ಹಾಕಿಸಿದ್ದೇ ನಾನು,” ಕಮಲಾಕರ ನಕ್ಕರು. “ಮೊದಲು ಆ ಜೂನಿಯರ್ ಇಂಜಿನಿಯರ್ ಉಪೇಂದ್ರನ ಹೆಸರಿತ್ತು. ಅವನಿಗೆ ತಾಳ್ಮೆ ಇಲ್ಲ. ಕಾಗದ ಸಿಕ್ಕಿದ ಕೂಡ್ಲೇ ಬರ್ದು ಬಿಡ್ತಾನೆ. ನಿಮಗೆ ಜಾಗ್ರತೆ ಉಂಟು. ಹಾಗೇ ನಡೀಲಿ, ನೀವು ಈಗ ಮಾಡ್ತಾ ಇದ್ದೀರಲ್ಲ, ಅದೇ ಚಂದ.”

ಹೊಗಳಿಸಿಕೊಂಡು ಹೊರಗೆ ಬಂದ ಕೌಸಲ್ಯಾಗೆ ಮೈಯೆಲ್ಲ ಮುಳ್ಳೆದ್ದಿತು. ಮೂವತ್ತೊಂದು ವರ್ಷದಲ್ಲಿ ಯಾವ ಮೇಲಧಿಕಾರಿಯೂ ಅವರ ಜಾಗ್ರತೆಯನ್ನು ಹೊಗಳಿದ್ದಿಲ್ಲ. ಎಲ್ಲರೂ ಬೈದಿದ್ದರು.

ತಾಂಬರಂನ ಮನೆಗೆ ಬಂದು, ಗಂಡನಿಗೆ ತಟ್ಟೆ ಹಾಕುತ್ತ ಎಲ್ಲವನ್ನೂ ಹೇಳಿದರು. ಕಿಟ್ಟು ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು. ಹೆಂಡತಿಯ ಅನುಮಾನಗಳಿಗೆ ಹೂಂಗುಡುವುದನ್ನು ಮೂವತ್ತು ವರ್ಷದ ಸಂಸಾರದಲ್ಲಿ ಚೆನ್ನಾಗಿ ಕಲಿತಿದ್ದರು. ಆವತ್ತು ಮಾತ್ರ ರಸಂ ಕಲಸುತ್ತಿದ್ದ ಕೈ ನಿಂತಿತು.

“ಅದ್ ಸರಿ ಕಣೇ. ನಾನು ಹಸಿರು ಬಾವುಟ ತೋರಿಸ್ಲಿಲ್ಲ ಅಂದ್ರೆ ರೈಲು ಅಲ್ಲೇ ನಿಂತಿರ್ತಿತ್ತು. ನೀನು ಬರೀಲಿಲ್ಲ ಅಂದ್ರೆ ಲಾರಿ ನಿಲ್ಲತ್ತಾ?”

“ಯಾಕ್ರೀ ನಿಲ್ಲತ್ತೆ? ದಿನಾ ಓಡ್ತಾ ಇದೆ.”

“ಹಾಗಾದ್ರೆ ಯಾರು ಹೇಳಿ ಓಡತ್ತೆ?”

ಎಲ್ಲರನ್ನೂ ಅನುಮಾನಿಸಿದ್ದ ಕೌಸಲ್ಯಾ ಈ ಒಂದು ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿರಲಿಲ್ಲ.

ಮರುದಿನ ರೆಕಾರ್ಡ್ ರೂಮಿನಿಂದ ಗುತ್ತಿಗೆಯ ಕರಾರನ್ನು ತೆಗೆಸಿದರು. ಎಂಬತ್ತೆರಡು ಪುಟ. ಇಲ್ಲಿಯವರೆಗೆ ಅವರ ಕೈಗೆ ಬಂದಿದ್ದು ಎರಡು ಪುಟದ ಪಟ್ಟಿ ಮಾತ್ರ. ಎಗ್ಮೋರಿನಿಂದ ಸಂಜೆಯ ಎಲೆಕ್ಟ್ರಿಕ್ ಟ್ರೈನಿನಲ್ಲಿ, ಲೇಡೀಸ್ ಡಬ್ಬಿಯ ಕಿಟಕಿಯ ಪಕ್ಕ ಕೂತು ಜೆರಾಕ್ಸ್ ಪ್ರತಿಯನ್ನು ಬಿಚ್ಚಿದರು. ಮೊದಲು ಹುಡುಕಿದ್ದು ತನಗೆ ಶಿಕ್ಷೆಯಾಗುವ ಕಲಮು ಎಲ್ಲಿದೆ ಎಂದು. ಸಿಕ್ಕಿದ್ದು ಅದರ ತದ್ವಿರುದ್ಧ: ನಿರ್ಧಾರ ಕೊಡದ ಅಧಿಕಾರಿಯ ಮೇಲೆ ಯಾವ ಕ್ರಮವೂ ಇಲ್ಲ. ಉಸಿರು ಬಿಟ್ಟರು. ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಕಣ್ಣು ಮುಂದಿನ ಸಾಲಿಗೆ ಜಾರಿತ್ತು.

‘ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ, ಆ ದಿನಕ್ಕಾಗಲಿ ಒಂದು ಅವಧಿಗಾಗಲಿ, ಅಧಿಕಾರಿಯ ಲಿಖಿತ ನಿರ್ಧಾರ ತಲುಪದಿದ್ದಲ್ಲಿ, ಆ ದಿನ ಲಾರಿಗಳನ್ನು ತನಗೆ ಸೂಕ್ತ ಕಂಡಲ್ಲಿಗೆ ಕಳಿಸುವ ಅಧಿಕಾರ ಗುತ್ತಿಗೆದಾರನಿಗೆ ಸೇರುತ್ತದೆ. ಅದನ್ನು ಕಂಪನಿಯದೇ ನಿರ್ಧಾರವೆಂದು ಭಾವಿಸತಕ್ಕದ್ದು.’

ಸೈದಾಪೇಟೆ ಹೋಯಿತು, ಗಿಂಡಿ ಹೋಯಿತು. ಕೌಸಲ್ಯಾ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದರು. ಸುರೇಶನಿಗೆ ಅವಸರವೇಕಿರಲಿಲ್ಲವೆಂದು ಈಗ ಅರ್ಥವಾಯಿತು. ಅವನು ಕಾಯುತ್ತಿದ್ದುದು ಸಹಿಗಲ್ಲ, ಹನ್ನೊಂದು ಗಂಟೆಗೆ. ಉಪೇಂದ್ರನಿದ್ದಿದ್ದರೆ ಹತ್ತೂಕಾಲಿಗೆ ಗೀಚಿ ಕೊಡುತ್ತಿದ್ದ. ಅದಕ್ಕೇ ಹುಡುಕಿ ಹುಡುಕಿ ತನ್ನನ್ನು ಆರಿಸಿದ್ದರು. ಯಾವ ಕಾಗದದ ಮೇಲೂ ಹೌದು ಅಲ್ಲ ಎಂದು ಬರೆಯದ ಹೆಂಗಸು. ಎಲ್ಲರನ್ನೂ ಅನುಮಾನಿಸುತ್ತ ಕೈಕಟ್ಟಿ ಕೂರುವವಳು. ಬೋನು ಸಹಿ ಮಾಡುವುದರಲ್ಲಿದೆ ಎಂದು ಅವರು ನಂಬಿದ್ದರು. ಸಹಿ ಮಾಡದ ಪ್ರತಿದಿನವೂ ಅವರು ಅದರೊಳಗೇ ಕೂತಿದ್ದರು. ಅವಮಾನದಿಂದ ಅವರ ಕಿವಿ ಬಿಸಿಯಾಯಿತು. ಮೋಸ ಹೋದೆನೆಂಬ ಸಿಟ್ಟಿಗಿಂತ, ತನ್ನನ್ನು ಇಷ್ಟು ಸರಿಯಾಗಿ ಅಳೆದಿದ್ದರಲ್ಲ ಎಂಬುದೇ ಹೆಚ್ಚು ಸುಟ್ಟಿತು.

ಮಾರನೆಯ ಬೆಳಿಗ್ಗೆ ಸುರೇಶ ಎಂದಿನಂತೆ ಬಂದು, ಹಾಳೆಯಿಟ್ಟು, ಅವಸರಮೇ ಇಲ್ಲೈ ಎಂದ. ಕೌಸಲ್ಯಾ ಡ್ರಾಯರಿನಿಂದ ಮೊದಲೇ ಬರೆದಿಟ್ಟಿದ್ದ ಮೂರು ಪ್ರತಿ ತೆಗೆದರು. ಏರಿಕರೆ ಬೀದಿಯಿಂದ ಹಿಡಿದು, ಕೊಳವೆಬಾವಿಯೂ ಇಲ್ಲದ ಬೀದಿಗಳಿಗೆಲ್ಲ ಸರದಿಯ ಪ್ರಕಾರ ಲಾರಿ. ಅದೆಲ್ಲ ಮುಗಿದು ನೀರು ಉಳಿದರೆ ಉಳಿದವರಿಗೆ. ಇವತ್ತಿಗೆ ಮಾತ್ರವಲ್ಲ, ಜೂನ್ ಮೂವತ್ತರವರೆಗೆ. ಕೆಳಗೆ ದುಂಡಗಿನ ಅಕ್ಷರದಲ್ಲಿ ‘ನಿರ್ಧರಿಸಿದೆ’ ಎಂದು ಬರೆದು ಸಹಿ ಹಾಕಿದ್ದರು.

ಸುರೇಶ ಮೊದಲ ಸಲ ವಾಚು ನೋಡಿಕೊಂಡ. ಹತ್ತು ಗಂಟೆ ಎಂಟು ನಿಮಿಷ.

“ಮೇಡಂ, ಜಿ.ಎಂ. ಸಾರ್ ಕಿಟ್ಟೆ ಒರು ವಾರ್ತೈ ಕೇಟ್ಟುಡಲಾಮಾ?” ಎಂದು ತೊದಲಿದ. ಸಾಹೇಬರನ್ನೊಂದು ಮಾತು ಕೇಳೋಣವೇ ಎಂದು.

“ಎದುಕ್ಕು? ಪಟ್ಟಿಯಲೆ ಎನ್ ಪೇರ್ ದಾನೇ ಇರುಕ್ಕು,” ಎಂದರು ಕೌಸಲ್ಯಾ. ಯಾಕೆ, ಪಟ್ಟಿಯಲ್ಲಿರುವುದು ನನ್ನ ಹೆಸರೇ ಅಲ್ಲವೇ ಎಂದು. ತಲುಪಿದ ಗಂಟೆ ನಿಮಿಷವನ್ನು ಅವನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿ, ಆ ಸಹಿ ಹಳೆಯ ಹಾಳೆಗಳಲ್ಲಿನ ಅವನ ಸಹಿಯಂತೆಯೇ ಇದೆಯೇ ಎಂದು ತಾಳೆ ನೋಡಿದರು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ! ಒಂದು ಪ್ರತಿ ಅವನಿಗೆ, ಒಂದು ಕಡತಕ್ಕೆ. ಮೂರನೆಯದು ತಮಗೆ. ಷೇರಿನ ಒಡೆಯರಾದ ನಗರಸಭೆಗೆ ಇನ್ನೊಂದು ಪ್ರತಿ ಅರ್ಧ ಗಂಟೆ ಮುಂಚೆಯೇ ರಿಜಿಸ್ಟರ್ ಅಂಚೆಯಲ್ಲಿ ಹೋಗಿಯಾಗಿತ್ತು.

ಮಧ್ಯಾಹ್ನ ಕಮಲಾಕರ ಅವರ ಮೇಜಿನ ಹತ್ತಿರ ಬಂದು ನಿಂತರು. ಮಾತಿನಲ್ಲಿ ಬೆಲ್ಲ ಕರಗಿಹೋಗಿತ್ತು.

“ಇಷ್ಟು ಅವಸರ ಎಂತದ್ದು? ಮೊದಲು ನನ್ನ ಹತ್ರ ಕಳಿಸ್ಬಹುದಿತ್ತಲ್ಲ.”

“ದಿನಾ ಕಳಿಸ್ತಾನೇ ಇದ್ದೆ ಸಾರ್. ‘ಪಟ್ಟಿಯ ಪ್ರಕಾರ ಕ್ರಮ ಕೈಗೊಳ್ಳಿ’ ಅಂತ ನೀವೇ ಬರೆದು ಕೊಡ್ತಿದ್ರಿ. ಎಲ್ಲಾ ಹಾಳೇನೂ ಇಟ್ಕೊಂಡಿದೀನಿ.”

ಕಮಲಾಕರ ಒಂದು ಕ್ಷಣ ಬೀರುವನ್ನು ನೋಡಿ ತಿರುಗಿ ಹೋದರು. ಅವರಿಗೂ ಗುತ್ತಿಗೆದಾರನಿಗೂ ಏನು ನಂಟಿತ್ತೋ, ಅಥವಾ ಬರೀ ತಲೆನೋವು ಬೇಡವೆಂದು ಹಾಗೆ ಮಾಡಿದ್ದರೋ, ಕೌಸಲ್ಯಾಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಎರಡು ದಿನಕ್ಕೆ ತಿದ್ದಿದ ಪಟ್ಟಿ ಬಂತು. ಹದಿನಾಲ್ಕನೇ ಸಾಲಿನಲ್ಲಿ ಈಗ ಜನರಲ್ ಮ್ಯಾನೇಜರ್. ಆದರೆ ಅಧಿಕಾರವಿದ್ದಾಗ ಕೊಟ್ಟ ನಿರ್ಧಾರ ಅಂತಿಮ ಎಂದು ಅವರ ಮೊದಲಿನ ಪಟ್ಟಿಯೇ ಹೇಳಿತ್ತು. ಅದನ್ನು ರದ್ದು ಮಾಡಬೇಕಾದರೆ ಕಮಲಾಕರರು ತಮ್ಮ ಹೆಸರಿನಲ್ಲಿ, ಕಾರಣ ಬರೆದು, ನಗರಸಭೆಗೆ ತಿಳಿಸಿ ಸಹಿ ಹಾಕಬೇಕು. ಅವರು ಹಾಕಲಿಲ್ಲ.

ಸೋಮವಾರ ರತ್ನಾವತಿ ಬಂದಳು. ತಲೆಗೆ ಸ್ನಾನ ಮಾಡಿ ಹೂ ಮುಡಿದಿದ್ದಳು.

“ಮೂರ್ ಲಾರಿ ಬಂತಮ್ಮಾ! ಮುದುಕ್ರು ಮೋಟ್ರು ಎಲ್ಲಾ ಕೊಡ ಹಿಡ್ಕೊಂಡ್ ಓಡ್ ಬಂದ್ರು. ಇನ್ಮೇಲೆ ದಿನ ಬಿಟ್ ದಿನ ಬತ್ತದಂತೆ, ಡ್ರೈವರ್ ಹೇಳ್ದ. ನೀವೇ ಬರ್ದಿದ್ದಂತೆ, ಹೌದಾ?”

“ಹೌದಮ್ಮ, ನಾನೇ,” ಎಂದರು ಕೌಸಲ್ಯಾ. ಎಷ್ಟೋ ವರ್ಷದ ಮೇಲೆ ಅವರ ಮುಖ ಪೂರ್ತಿ ಅರಳಿತ್ತು.

ಇನ್ನು ಬೇಡವೆಂದು ರತ್ನಾವತಿ ಕ್ಯಾಲೆಂಡರ್ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟಳು. ಮೇಲಿನ ಚೀಟಿ ಮಾರ್ಚ್ ಎಂಟನೆಯದು. ಹೊರಡಲು ತಿರುಗಿದವಳು ಏನೋ ನೆನೆಸಿಕೊಂಡು ನಿಂತಳು. ಅವಳ ಮುಖದಲ್ಲಿ ಕೊಂಕಿರಲಿಲ್ಲ, ಗೊತ್ತಿಲ್ಲದ್ದನ್ನು ಕೇಳುವವಳಂತೆ ಕೇಳಿದಳು.

“ಅಲ್ಲಮ್ಮಾ, ನೀವ್ ಒಬ್ರು ಬರದ್ರೆ ಆಗೋಂಗಿದ್ರೆ, ಇಷ್ಟ್ ದಿನ ಬರೀಬೇಡಿ ಅಂದೋರ್ ಯಾರು?”

ಕೌಸಲ್ಯಾ ಬಾಯಿ ತೆರೆದರು. ಕಮಲಾಕರ, ಸುರೇಶ, ಎಂಬತ್ತೆರಡು ಪುಟದ ಕರಾರು, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಆ ಯಾವ ಹೆಸರೂ ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

“ಯಾರೂ ಅಂದಿರ್ಲಿಲ್ಲಮ್ಮ,” ಎಂದರು.