ಬೆಂಚಿನ ಕೊನೆಯ ಜಾಗ

ಮೆಟ್ಟಿಲವರೆಗೆ ಹೊತ್ತು, ಅಲ್ಲಿ ಬೇರೆ ಯಾರಿಗಾದರೂ ಬಿಟ್ಟುಕೊಟ್ಟರೆ ಸಾಲದೇ? ಹೆಂಡತಿಯ ಶವಪೆಟ್ಟಿಗೆಯ ಮುಂದಿನ ಮೂಲೆ ವೆಲ್ಡರನ ಬಲ ಹೆಗಲ ಮೇಲಿತ್ತು. ಚರ್ಚಿನ ಗೇಟು ದಾಟಿದ್ದಾಯಿತು. ಮಗಳನ್ನು ಮಣ್ಣು ಮಾಡಿದ ದಿನದಿಂದ ಅವನು ಆ ಬಾಗಿಲೊಳಗೆ ಕಾಲಿಟ್ಟಿರಲಿಲ್ಲ. ಈಗ ಇವಳೂ ಇಲ್ಲದ ಮೇಲೆ ಒಳಗೆ ಹೋಗಿ ಯಾರಿಗೆ ಏನು ಬಂತು? ಹೋಗದಿದ್ದರೆ, ಅವಳು ಇಂದೂ ಒಬ್ಬಳೇ.

"ಭಾವ, ಮೆಟ್ಟಿಲು," ಎಂದ ಎಡಗಡೆ ಹೊತ್ತಿದ್ದ ಅವಳ ತಮ್ಮ. "ಬೇಕಾದ್ರೆ ಇಲ್ಲೇ ಕೊಡಿ. ಯಾರೂ ಏನೂ ಅನ್ನಲ್ಲ."

"ಅನ್ನದೇ ಇರ್ತಾರಾ? ನಂಗೆ 'ಗೇಟಿನ ಅಳಿಯ' ಅಂತ ಹೆಸರಿಟ್ಟೋನೇ ನೀನು."

"ಅಕ್ಕ ಅದನ್ನ ಕೇಳಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ಳು ಭಾವ," ಎಂದು ಅವನು ಕೆನ್ನೆಯನ್ನು ಪೆಟ್ಟಿಗೆಗೆ ಒತ್ತಿದ.

*

ಜ್ವರದಲ್ಲಿ ಹೋದ ಮಗಳ ಪೆಟ್ಟಿಗೆ ಹೊರಲು ನಾಲ್ವರು ಬೇಕಾಗಿರಲಿಲ್ಲ. ಅವನೇ ಎರಡು ಕೈಯಲ್ಲಿ ಎತ್ತಿಕೊಂಡು ಬಂದಿದ್ದ. ಪಾದ್ರಿ ಪ್ರಾರ್ಥನೆ ಮುಗಿಸುವ ಮೊದಲೇ ಎದ್ದು ಹೊರಗೆ ನಡೆದ.

ಮುಂದಿನ ಭಾನುವಾರ ಹೆಂಡತಿ ತಲೆ ಬಾಚಿಕೊಂಡು ಚರ್ಚಿಗೆ ಹೊರಟಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳ ಕೆಲಸ. ಬ್ಲೀಚಿನಿಂದ ಬೆರಳ ಸಂದುಗಳು ಬಿರಿದಿದ್ದವು.

"ಮತ್ತೆ ಆ ದೇವರ ಮುಂದೆ ಹೋಗಿ ಕೈ ಮುಗಿತೀಯಾ? ಹೊಟ್ಟೆ ಉರಿಯಲ್ವಾ ನಿಂಗೆ?"

"ಉರಿಯುತ್ತೆ. ಉರ್ಕೊಂಡೇ ಕೂತಿರ್ತೀನಿ. ಎದ್ದು ಬಂದ್ರೆ ಆರುತ್ತಾ?" ಚಪ್ಪಲಿ ಮೆಟ್ಟುತ್ತ ಹೇಳಿದಳು: "ಸೈಕಲ್ಲಲ್ಲಿ ಗೇಟಿನ ತನಕ ಬಿಡಿ, ಸಾಕು."

ಬಿಟ್ಟ. ಅಂದಿನಿಂದ ಪ್ರತಿ ಭಾನುವಾರ ಬಿಟ್ಟು, ಆರಾಧನೆ ಮುಗಿಯುವವರೆಗೆ ಕಿಟಕಿಯ ಕೆಳಗೆ ಸೈಕಲ್ಲಿಗೆ ಒರಗಿ ನಿಂತಿರುತ್ತಿದ್ದ. ಅವನ ಕಣ್ಣು ಮಂಜಾಗಿ ಕೆಲಸ ತಪ್ಪಿದ ವರ್ಷವೂ ಅವಳು ಬಂದಳು. ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದ ಮೇಲೆ, ಹಿಂದೆ ಕೂತ ಅವಳನ್ನು ಅವನು ಸೈಕಲ್ಲು ತಳ್ಳಿಕೊಂಡೇ ಕರೆತಂದ. ಒಳಗೆ ಬನ್ನಿ ಎಂದು ಅವಳು ಒಮ್ಮೆಯೂ ಕರೆಯಲಿಲ್ಲ.

*

ಮೆಟ್ಟಿಲ ಬಳಿ ಅವನು ಪೆಟ್ಟಿಗೆಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಒಳಗೆ ಪೆಟ್ಟಿಗೆ ಇಳಿಸಿದ ಮೇಲೆ, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ. ಅವಳ ಜೊತೆ ಬಟ್ಟೆ ಒಗೆಯುತ್ತಿದ್ದ ಗೆಳತಿ ಎದ್ದು ಬಂದಳು.

"ಇಲ್ಲಿ ಬನ್ನಿ ಅಣ್ಣ. ಇದು ಅಕ್ಕ ಕೂರ್ತಿದ್ದ ಬೆಂಚು. ಆ ಕೊನೇ ಜಾಗ ನಿಮ್ದು."

"ನಂದಾ?"

"ಪ್ರತಿ ವಾರ ಚೀಲ ಇಟ್ಟು ಹಿಡಿದಿರೋಳು. ನಂಗೂ ಬಿಡ್ತಿರಲಿಲ್ಲ. 'ನಮ್ಮನೆಯೋರು ಸೈಕಲ್ ನಿಲ್ಲಿಸಿ ಬರ್ತಾರೆ ಕಣೇ' ಅನ್ನೋಳು. 'ಅದೆಂಥ ಸೈಕಲ್ಲಕ್ಕಾ, ಇಷ್ಟು ವರ್ಷ ಆದ್ರೂ ಸ್ಟ್ಯಾಂಡ್ ಹಾಕೋದು ಮುಗಿದಿಲ್ಲ' ಅಂತ ನಾವು ರೇಗಿಸ್ತಿದ್ವಿ."

ಅವಳು ಕೂರುತ್ತಿದ್ದ ಕಡೆ ಮರ ಸವೆದು ಬಿಳಿಚಿಕೊಂಡಿತ್ತು. ಪಕ್ಕದಲ್ಲಿ, ಒಬ್ಬರು ಕೂರುವಷ್ಟು ಅಗಲ, ವಾರ್ನಿಷು ಹಾಗೇ ಹೊಳೆಯುತ್ತಿತ್ತು. ಅವನು ಅದರ ಮೇಲೆ ಅಂಗೈ ಇಟ್ಟ. ಆಮೇಲೆ ಕೂತ.

ಪಾದ್ರಿಯ ಪ್ರಾರ್ಥನೆ ಮುಗಿದಾಗ ಅವನ ಬಾಯಿಂದ "ಆಮೆನ್" ಬಂತು. ಮುಂದಿನ ಬೆಂಚಿನಿಂದ ಭಾಮೈದ ತಿರುಗಿ ನೋಡಿದ.

ಕಿಟಕಿಯ ಕೆಳಗೆ ನಿಂತು, ಒಳಗಿನ ಪ್ರತಿ ಪ್ರಾರ್ಥನೆಗೂ ತಾನು ಹೀಗೇ ಅನ್ನುತ್ತಿದ್ದೆನೆಂದು ಅವನು ಅವಳಿಗೆ ಎಂದೂ ಹೇಳಿರಲಿಲ್ಲ.