ಹದಿನಾಲ್ಕನೇ ಅಡಿಟಿಪ್ಪಣಿ

ಮಗಳ ಪ್ರಬಂಧದ ಹದಿನಾಲ್ಕನೇ ಅಡಿಟಿಪ್ಪಣಿಯಲ್ಲಿ ಶರ್ಮಿಳಾಳ ಹೆಸರಿತ್ತು. ಮೇಜು ಒರೆಸಲೆಂದು ಕಾಗದ ಎತ್ತಿದ ಸುಜಾತಾ ಅದನ್ನು ಓದಿದಳು. ಆಮೇಲೆ ಮೇಜು ಒರೆಸಿದಳೋ ಇಲ್ಲವೋ, ಅವಳಿಗೆ ನೆನಪಿಲ್ಲ.

ಮಗಳು ಕೃತಿ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದಳು. ಪ್ರಬಂಧ ಬರೆದದ್ದು ಲಂಡನ್ನಿನ ಹೋಟೆಲುಗಳಲ್ಲಿ ಅಡುಗೆ ಮಾಡಿದ ನಮ್ಮ ಕಡೆಯ ಹೆಂಗಸರ ಬಗ್ಗೆ. ಈಸ್ಟ್ ಹ್ಯಾಮಿನ ಹೋಟೆಲೊಂದರ ನೆಲಮಾಳಿಗೆಯಲ್ಲಿ ಒಂಬತ್ತು ವರ್ಷ ದೋಸೆ ಹೊಯ್ದ ಅಮ್ಮನೇ ಇದೇ ಕ್ರೋಯ್ಡನ್ನಿನ ಫ್ಲ್ಯಾಟಿನಲ್ಲಿ ದಿನವೂ ಅವಳಿಗೆ ಊಟ ಬಡಿಸುತ್ತಿದ್ದಳು. ಅವಳನ್ನು ಬಿಟ್ಟು ಶರ್ಮಿಳಾ! ಮೇಲಿನ ಮಹಡಿಯವಳು, ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದವಳು, ದೋಸೆಹಿಟ್ಟನ್ನು ಪ್ಯಾಕೆಟ್ಟಿನಲ್ಲಿ ತರುವವಳು.

ಅಡಿಟಿಪ್ಪಣಿಯಲ್ಲಿದ್ದ ಕಥೆಯನ್ನು ಶರ್ಮಿಳಾಳಿಗೆ ಹೇಳಿದ್ದೇ ಸುಜಾತಾ. ಹೋಟೆಲಿನ ನೆಲಮಾಳಿಗೆಯಿಂದ ಮೇಲಕ್ಕೆ ತಟ್ಟೆ ಸಾಗಿಸಲು ಒಂದು ಪುಟ್ಟ ಲಿಫ್ಟ್ ಇತ್ತು. ಅದರ ಬಾಗಿಲು ತೆರೆದಿಟ್ಟರೆ ಮೇಲಿನ ಮಾತೆಲ್ಲ ಕೆಳಗೆ ಕೇಳುತ್ತಿತ್ತು. ಗಿರಾಕಿಗಳು ದೋಸೆಯನ್ನು ಹೊಗಳಿದಾಗಲೆಲ್ಲ ಮಾಲೀಕ, ಅದು ತನ್ನ ತಾಯಿಯ ಕೈಗುಣ ಎನ್ನುತ್ತಿದ್ದ. ಆ ತಾಯಿ ಲಂಡನ್ ಕಂಡವಳೇ ಅಲ್ಲ. ಒಂದು ದಿನ ಕೆಳಗಿದ್ದ ಹೆಂಗಸು ಕಾವಲಿಯ ಮೇಲೆ ಹಿಟ್ಟಿನಿಂದ ತನ್ನ ಹೆಸರಿನ ಮೊದಲ ಅಕ್ಷರ ಬರೆದಳು. ಮಗುಚಿದಾಗ ಸರಿಯಾಗಿ ಕಾಣಲೆಂದು, ಕನ್ನಡಿಯಲ್ಲಿ ಕಾಣುವಂತೆ ಉಲ್ಟಾ ಬರೆದಳು. ಅದು ಕೆಂಪಾದ ಮೇಲೆ ಅದರ ಮೇಲೆಯೇ ದೋಸೆ ಹೊಯ್ದು, ಮೇಲಕ್ಕೆ ಕಳಿಸಿದಳು.

ಶರ್ಮಿಳಾಳ ಹೆಸರು ಯಾಕೆ ಹಾಕಿದೆ ಎಂದು ಸುಜಾತಾ ಕೇಳಿದ್ದಕ್ಕೆ ಕೃತಿ ಇಂಗ್ಲಿಷಿನಲ್ಲಿ, ಸಹಜವಾಗಿಯೇ ಹೇಳಿದಳು: ಶರ್ಮಿಳಾ ಆಂಟಿ ಇಂಗ್ಲಿಷಿನಲ್ಲಿ ಹೇಳಿದಾಗಲೇ ಅದು ತನಗೆ ಪೂರ್ತಿ ಅರ್ಥವಾದದ್ದು. ಅಮ್ಮ ಕನ್ನಡದಲ್ಲಿ ಹೇಳುವಾಗ ಯಾವಾಗಲೂ ಅರ್ಧದಲ್ಲಿ ಎಲ್ಲೋ ತಪ್ಪಿಹೋಗುತ್ತಿತ್ತು.

ಆ ವಾರ ಸುಜಾತಾ ಶರ್ಮಿಳಾಳನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದಳು. ಗುರುವಾರ ಪ್ರಬಂಧದ ಕರಡು ವಾಪಸು ಬಂತು. ಹದಿನಾಲ್ಕರ ಪಕ್ಕದಲ್ಲಿ ಅಧ್ಯಾಪಕಿ ಪೆನ್ಸಿಲಿನಲ್ಲಿ ಬರೆದಿದ್ದರು: ಇವರು ಇದನ್ನು ಕಣ್ಣಾರೆ ಕಂಡವರೇ? ಅಲ್ಲವಾದರೆ ಮೂಲವನ್ನು ಹುಡುಕಿ, ಅದನ್ನೇ ಉಲ್ಲೇಖಿಸಿ. ಮುಖ ಕಾಣದ ಆ ಅಧ್ಯಾಪಕಿಯ ಮೇಲೆ ಸುಜಾತಾಳಿಗೆ ಒಡಹುಟ್ಟಿದವಳ ಮೇಲಿನಷ್ಟು ಪ್ರೀತಿ ಹುಟ್ಟಿತು.

"ಮೂಲ ಇಲ್ಲೇ ಕೂತಿದೆ ಮಗಾ," ಎಂದಳು. "ಆ ಅಕ್ಷರ ಬರೆದದ್ದು ನಾನು."

ಕೃತಿ ಸಂದರ್ಶನದ ಒಪ್ಪಿಗೆ ಪತ್ರ ತಂದಳು, ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿದಳು, ಎದುರಿಗೆ ಕೂತಳು. ಮಗಳು ತನ್ನನ್ನು ಇಷ್ಟು ಗಮನವಿಟ್ಟು ನೋಡಿದ್ದು ಎಷ್ಟು ವರ್ಷಗಳ ಹಿಂದೆ? ಸುಜಾತಾ ನಿಧಾನವಾಗಿ ಹೇಳಿದಳು. ಇಲ್ಲದ ಹೊಗೆಯನ್ನೂ ಸೇರಿಸಿದಳು. ಕೊನೆಗೆ ಕೃತಿ ನೋಟ್‌ಬುಕ್ ಮುಂದಕ್ಕೆ ತಳ್ಳಿ, ಕಾವಲಿಯ ಮೇಲೆ ಬರೆದ ಹಾಗೆಯೇ ಬರೆದು ತೋರಿಸು ಎಂದಳು. ಕೈ ಅಂದು ಕಣ್ಣು ಕಂಡದ್ದನ್ನೇ ಬರೆಯಿತು.

ಕೃತಿಗೆ ಕನ್ನಡದಲ್ಲಿ ಬರೆಯಲು ಬರುತ್ತಿದ್ದುದು ಎರಡೇ ಹೆಸರು, ತನ್ನದು ಮತ್ತು ಅಮ್ಮನದು. ಅವಳು ಹಾಳೆಯನ್ನು ಮಗುಚಿ ಬೆಳಕಿಗೆ ಹಿಡಿದಳು.

"ಅಮ್ಮಾ, ದಿಸ್ ಈಸ್ ನಾಟ್ 'ಸು'."

ಅದು 'ಅಂ' ಆಗಿತ್ತು. ಅಂಬುಜಾ ಆ ಹೋಟೆಲಿನಲ್ಲಿ ಸುಜಾತಾಳ ಪಕ್ಕದ ಕಾವಲಿಯವಳು. ಆ ದೋಸೆ ಮೇಲೆ ಹೋದಾಗ ಲಿಫ್ಟಿನೊಳಗಿಂದ ನಗು, ಆಮೇಲೆ ಚಪ್ಪಾಳೆ ಇಳಿದು ಬಂದಿದ್ದವು. ಮರುದಿನ ಸುಜಾತಾ ಯಾರಿಗೂ ಕಾಣದಂತೆ ತಾನೂ 'ಸು' ಬರೆದಿದ್ದಳು. ಉಲ್ಟಾ ಬರೆಯಲು ಮರೆತು, ಹಾಳಾದ ದೋಸೆಯನ್ನು ನಿಂತಲ್ಲೇ ತಿಂದು ಮುಗಿಸಿದ್ದಳು. ಹೇಳುತ್ತ ಹೇಳುತ್ತ ಎಷ್ಟನೇ ಸಲಕ್ಕೆ ಕಥೆಯಿಂದ ಅಂಬುಜಾ ಹೋಗಿ ತಾನು ಬಂದಳೋ, ಅವಳಿಗೇ ತಿಳಿಯದು.

ಫೋನಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. "ಬರೆದದ್ದು ಅಂಬುಜಾ," ಎಂದಳು ಸುಜಾತಾ. "ನಾನು ಪಕ್ಕದಲ್ಲಿ ನಿಂತು ನೋಡಿದ್ದು. ಈಗ ಸಟನ್ನಿನಲ್ಲಿದ್ದಾಳೆ. ನಂಬರ್ ಕೊಡ್ತೇನೆ."

ಕೃತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಂಬರ್ ಬರೆದುಕೊಂಡು ತನ್ನ ಕೋಣೆಗೆ ಓಡಿದಳು.

ಅಂಬುಜಾಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಸುಜಾತಾ ಈ ಮನೆಯಲ್ಲಿ ಕೇಳಿಯೇ ಇರದ ಸದ್ದು ಬಂತು: ಕೃತಿ ಕನ್ನಡ ಮಾತಾಡುತ್ತಿದ್ದಳು. ಮುರಿದ, ಎಡವುವ, ನಗುವ ಕನ್ನಡ. ಅಂಬುಜಕ್ಕ, ನೀವು ಹೇಳಿ, ಆಮೇಲೆ ಎಂತ ಆಯ್ತು. ಅಡಿಟಿಪ್ಪಣಿ ಹೋದರೆ ಹೋಗಲಿ, ಮಗಳ ಈ ಕನ್ನಡವನ್ನೂ ಅಂಬುಜಾಳಿಗೇ ಕೊಡಬೇಕೇ? ಸುಜಾತಾ ಒರೆಸುವ ಬಟ್ಟೆ ಹಿಡಿದುಕೊಂಡೇ ಬಾಗಿಲವರೆಗೆ ಹೋದಳು.

ಕೃತಿ ಯಾವುದೋ ಶಬ್ದಕ್ಕೆ ತಡವರಿಸಿದಳು. ಫೋನನ್ನು ಅಂಗೈಯಿಂದ ಮುಚ್ಚಿ ತಲೆಯೆತ್ತಿದಳು.

"ಅಮ್ಮಾ, ದೋಸೆ ತಿರುಗಿಸೋದು ಇರುತ್ತಲ್ಲ, ವಾಟ್ ಈಸ್ ಇಟ್ ಕಾಲ್ಡ್?"

ಸಟ್ಟುಗ. ಶಬ್ದ ಸುಜಾತಾಳ ನಾಲಿಗೆಯ ತುದಿಯಲ್ಲೇ ಇತ್ತು.

"ಅವಳತ್ರವೇ ಕೇಳು," ಎಂದಳು. "ಮೂಲ ಅವಳೇ ಅಲ್ದಾ?"