ಗಂಡ ಹೆಂಡತಿಯ ಎಕ್ಸ್‌ರೇ

ಡಾಕ್ಟರ್ ಮಧ್ವೇಶರ ಲೆಕ್ಕದಲ್ಲಿ ಕೆಮ್ಮಿಗೆ ಒಂದೇ ಕಾರಣ, ಬೀಡಿ. ಪುಣೆಯ ಕೋಥರೂಡದಲ್ಲಿ ಸ್ವಂತ ದವಾಖಾನೆ ಇಟ್ಟುಕೊಂಡಿದ್ದ ಅವರು ವಾರಕ್ಕೆರಡು ದಿನ ಊರ ಹೊರಗಿನ ಕಲ್ನಾರು (ಆಸ್‌ಬೆಸ್ಟಾಸ್) ಶೀಟಿನ ಕಾರ್ಖಾನೆಗೆ ಬಂದು ಕೂಡುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಶೀಟು ಕೊಯ್ಯುತ್ತಿದ್ದ ಸಂಕಪ್ಪ ಏದುಸಿರು ಬಿಡುತ್ತ ಎದುರು ನಿಂತಾಗ, ಎದೆಗೆ ಕೊಳವೆ ಹಚ್ಚುವ ಮೊದಲೇ ಚೀಟಿ ಬರೆದು ಮುಗಿಸಿದ್ದರು.

"ಬೀಡಿ ಬಿಡಪಾ," ಅಂದರು, ಮೂಲತಃ ಧಾರವಾಡದವರಾದ ಅವರು, ಮಮತೆಯಿಂದ.

"ಪಂಢರಪುರದ ತುಳಸಿ ಮಾಲಿ ಹಾಕೀನ್ರಿ ಸಾಹೇಬ್ರ, ಬೀಡಿ ಮುಟ್ಟಿಲ್ಲ."

"ಹಂಗಾರ ನಿನ್ನ ಬಾಜೂಕ ಕೂತಾಂವ ಸೇದ್ತಿರಬೇಕು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ರಂಗೂಬಾಯಿಗೆ ಮೈಯೆಲ್ಲ ಉರಿಯಿತು. ಮರುದಿನವೇ ಗಂಡನನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಎದೆರೋಗದ ಡಾಕ್ಟರ್ ಅನುಜಾ ಬೆಳಗಾವಿಯವರು. ಸಂಕಪ್ಪನ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದವರು, ಆಮೇಲೆ ರಂಗೂಬಾಯಿಯ ಕಡೆ ತಿರುಗಿದರು; ಮೆಟ್ಟಿಲು ಹತ್ತಿ ಬಂದ ಅವಳು ಇನ್ನೂ ತೇಕುತ್ತಿದ್ದಳು.

"ಇವರ ಅರಿವಿ ಯಾರು ಒಗೀತಾರ್ರಿ?"

"ಮತ್ತ್ಯಾರು, ನಾನ. ಸಂಜೀಕ ಮೈತುಂಬ ಬೆಳ್ಳಗ ಧೂಳಾಗಿ ಬರ್ತಾರ. ಝಾಡಿಸಿ ಒಗೀತೀನಿ."

"ನಿಮ್ಮದೂ ಫಿಲ್ಮ್ ತಗಸೋಣು."

ತೆಗೆಸಿದರು. ಎರಡರಲ್ಲೂ ಎದೆಯ ತಳದಲ್ಲಿ ಒಂದೇ ನಮೂನೆಯ ಬಿಳಿ ಗೀರುಗಳು.

"ಆ ಧೂಳಿನಾಗ ಕಲ್ನಾರಿನ ಎಳಿ ಇರ್ತಾವ, ಕಣ್ಣಿಗೆ ಕಾಣದ ಸೂಜಿ ಇದ್ದಂಗ," ಎಂದು ಅನುಜಾ ನಿಧಾನವಾಗಿ ತಿಳಿಸಿದರು. "ಉಸಿರಿನ ಜೋಡಿ ಪುಪ್ಪುಸದ ತಳಕ್ಕ ಹೋಗಿ ಕೂಡ್ತಾವ. ಮೈಯ ಕಾವಲು ಕಾಯೋ ಕಣ ಅವನ್ನ ನುಂಗಲಿಕ್ಕೆ ಬರ್ತಾವ. ನುಂಗಿ ಕರಗಸಲಿಕ್ಕೆ ಆಗಂಗಿಲ್ಲ, ತಾವ ಸಾಯ್ತಾವ. ಸಾಯೂಮುಂದ ಸುತ್ತೆಲ್ಲ ಉರಿ ಎಬ್ಬಸ್ತಾವ. ಮತ್ತ ಹೊಸಾವು ಬರ್ತಾವ, ಅವೂ ಹಂಗ. ವರ್ಷಾನುಗಟ್ಟಲೆ ಹಿಂಗ ಗಾಯ ಆಗಿ, ಮಾಯ್ದು, ಕಲಿ ಬೀಳ್ತದ. ಕಲಿ ಬಿದ್ದ ಪುಪ್ಪುಸ ಹಿಗ್ಗಂಗಿಲ್ರಿ."

"ಔಷಧ?"

"ಆಗಿರೋ ಕಲಿ ಹೋಗಂಗಿಲ್ಲ. ಧೂಳಿಂದ ದೂರ ಇರೋದು, ಅಷ್ಟ."

ರಂಗೂಬಾಯಿ ಅಳಲಿಲ್ಲ. ಎರಡೂ ಫಿಲ್ಮು ಕಂಕುಳಲ್ಲಿ ಇಟ್ಟುಕೊಂಡು ಸೀದಾ ಕಾರ್ಖಾನೆಗೆ ಹೋದಳು. ಮಧ್ವೇಶರ ಕೋಣೆಯ ಹೊರಗೆ ಹತ್ತಾರು ಕೂಲಿಗಳು ಸರದಿಯಲ್ಲಿ ಕೆಮ್ಮುತ್ತ ಕೂತಿದ್ದರು.

"ಇದು ನನ್ನ ಗಂಡಂದು, ಇದು ನಂದ್ರಿ. ನಾ ಯಾವ ಬೀಡಿ ಸೇದೀನಿ, ಹೇಳ್ರಿ."

ಮಧ್ವೇಶರು ಎರಡೂ ಫಿಲ್ಮನ್ನು ತಿರುಗಿಸಿ ಮುರುಗಿಸಿ ನೋಡಿದರು. "ಒಲಿ ಹೊಗಿ."

"ಪುಣೇಕ ಬಂದಾಗಿಂದ ಗ್ಯಾಸ್ ಅದರಿ."

ಡಾಕ್ಟರು ಕನ್ನಡಕ ಒರೆಸಿಕೊಂಡರು. "ಹಂಗಾರ ಇದು ವಂಶಪಾರಂಪರ್ಯ. ಇಬ್ಬರಿಗೂ ಒಂದ ನಮೂನಿ ಬಂದದ ನೋಡು."

"ಅಯ್ಯ ಸಾಹೇಬ್ರ, ನಾವು ಗಂಡ ಹೆಂಡ್ತಿ! ಅಕ್ಕ ತಮ್ಮ ಅಲ್ರಿ!"

ಹೊರಗಿದ್ದವರು ಬಿದ್ದು ಬಿದ್ದು ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅನುಜಾ ಬರೆದುಕೊಟ್ಟ ಕಾಗದ ಹಿಡಿದು ಗಂಡ ಹೆಂಡತಿ ಇಬ್ಬರೂ ಪರಿಹಾರಕ್ಕೆ ಅರ್ಜಿ ಹಾಕಿದರು. ಏಳು ತಿಂಗಳ ಮೇಲೆ ವೈದ್ಯಕೀಯ ಮಂಡಳಿಯ ಕರೆ ಬಂತು. ಮೆಟ್ಟಿಲು ಹತ್ತಲಾರದವರು ನಿಜವಾಗಿಯೂ ಹತ್ತಲಾರರೇ ಎಂದು ತೀರ್ಮಾನಿಸುವ ಆ ಮಂಡಳಿ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿತ್ತು. ಸಂಕಪ್ಪ ಎರಡನೆಯ ಮಹಡಿಯ ತಿರುವಿನಲ್ಲಿ ಕುಸಿದು ಕೂತ, ತುಟಿ ನೀಲಿಗಟ್ಟಿತ್ತು. ಜವಾನ ಇಳಿದು ಬಂದು, ಅರ್ಜಿದಾರ ಖುದ್ದು ಹಾಜರಾಗದಿದ್ದರೆ ಕಡತ ಮುಚ್ಚುತ್ತಾರೆ ಎಂದ.

"ಯಾರ ಎದಿ ಗಟ್ಟಿ ಅದನೋ ಅವರು ಇಳದು ಬರ್ರಿ!" ಎಂದು ರಂಗೂಬಾಯಿ ಮೆಟ್ಟಿಲ ಸಂದಿಯಲ್ಲಿ ಮೇಲೆ ನೋಡಿ ಕೂಗಿದಳು. ಅಷ್ಟಕ್ಕೇ ಅವಳಿಗೂ ದಮ್ಮು ಕಟ್ಟಿತು. ಕೊನೆಗೆ ಒಬ್ಬ ಮುದುಕ ಡಾಕ್ಟರು ಗೊಣಗುತ್ತ ಇಳಿದು ಬಂದು, ಮೆಟ್ಟಿಲ ಮೇಲೆಯೇ ಸಂಕಪ್ಪನ ಬೆನ್ನಿಗೆ ಕಿವಿ ಕೊಟ್ಟು ಕೇಳಿ, ಗೋಡೆಗೆ ಕಾಗದ ಇಟ್ಟು ಸಹಿ ಹಾಕಿದರು.

ಸಂಕಪ್ಪನ ಅರ್ಜಿ ಪಾಸಾಯಿತು. ರಂಗೂಬಾಯಿಯದು ತಿರಸ್ಕಾರವಾಯಿತು: ಅರ್ಜಿದಾರಳು ಕಂಪನಿಯ ನೌಕರಳಲ್ಲ.

"ಹತ್ತೊಂಬತ್ತು ವರ್ಷ ಕಂಪನಿ ಧೂಳು ಒಗದೀನಿ, ಹಾಜರಿ ಮಾತ್ರ ಯಾರೂ ಹಾಕಲಿಲ್ಲ," ಎಂದಳು ಅವಳು ಗಂಡನಿಗೆ. ಮುಂದಿನ ಸೋಮವಾರ, ಕಾರ್ಖಾನೆ ಕೂಲಿಗಳು ವಾಸವಿದ್ದ ತಮ್ಮ ವಸ್ತಿಯ ಆರು ಜನ ಹೆಂಗಸರನ್ನು ಅನುಜಾ ಬಳಿ ಕರೆದೊಯ್ದಳು. ಇಬ್ಬರ ಎದೆಯಲ್ಲಿ ಅದೇ ಗೀರು.

ಸುದ್ದಿ ಮುಟ್ಟಿದ ದಿನವೇ ಡಾಕ್ಟರ್ ಮಧ್ವೇಶರು, ಆ ವಸ್ತಿಯ ನೀರಿನಲ್ಲಿ ಏನೋ ದೋಷವಿದೆಯೆಂದು ಕಂಪನಿಗೆ ನಾಲ್ಕು ಪುಟದ ವರದಿ ಬರೆದರು.